ಲಾಂಚ್ ನಿಂತ ಮೇಲೆ ಸಿಗಂದೂರು

ನಮ್ಮ ಆಫೀಸಿನಲ್ಲಿ ಸಾಗರದ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಜೂನ್ ತಿಂಗಳು ಶುರುವಾದರೆ ಸಾಕು, ಅವಳಿಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಜೋಗದಲ್ಲಿ ಈಗ ನೀರಿದ್ಯಾ?" ಅವಳದೂ ಒಂದೇ ಉತ್ತರ: "ನೀರು ಜೋಗದಲ್ಲಿ ಇರಲ್ಲ ಕಣ್ರೋ, ಲಿಂಗನಮಕ್ಕಿಯಲ್ಲಿ ಇರತ್ತೆ. ಅಲ್ಲಿ ಮಿಕ್ಕಿದ್ರೆ ಜೋಗಕ್ಕೆ."

ತಮಾಷೆಯಂತೆ ಕೇಳಿದರೂ ಮಾತು ನಿಜ. ಜೋಗದ ಮೇಲ್ಭಾಗದಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ಹಿಡಿದು ನಿಲ್ಲಿಸಿದೆ. ಅಲ್ಲಿಂದ ನೀರು ಕಾಲುವೆಯಲ್ಲಿ ತಳಕಳಲೆಯ ಸಣ್ಣ ಜಲಾಶಯಕ್ಕೆ ಹೋಗಿ, ಆಮೇಲೆ ದೊಡ್ಡ ಕೊಳವೆಗಳಲ್ಲಿ ಕೆಳಗಿಳಿದು ಟರ್ಬೈನ್ ತಿರುಗಿಸುತ್ತದೆ. ಜಲಪಾತದ ಪಾಲಿಗೆ ಬರುವುದು ಅಣೆಕಟ್ಟಿನ ಕೆಳಗೆ ಬಿದ್ದ ಮಳೆ, ಇಲ್ಲವೇ ಜಲಾಶಯ ತುಂಬಿ ಗೇಟ್ ತೆಗೆದಾಗ ಬಿಟ್ಟ ನೀರು. ನಾವು 253 ಮೀಟರ್ ಎತ್ತರದಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್‌ಗಳನ್ನು ನೋಡಿ ರೀಲ್ಸ್ ಮಾಡುವಾಗ ಅಸಲಿ ಶರಾವತಿ ನಮ್ಮ ಬೆನ್ನ ಹಿಂದೆ ಕೊಳವೆಯೊಳಗೆ ಇಳಿಯುತ್ತಾ ಇರುತ್ತಾಳೆ.

ಹಾಗಾಗಿ ಈ ಸಲ ದೀಪಾವಳಿ ಆದ ಮೇಲೆ ನಾಲ್ಕು ದಿನ ರಜೆ ಸಿಕ್ಕಾಗ ಜೋಗವನ್ನು ಕೊನೆಗಿಟ್ಟುಕೊಂಡು, ಮೊದಲು ಆ ನಿಂತ ನೀರನ್ನೇ ನೋಡೋಣ ಅಂತ ಹೊರಟೆ. ಇನ್ನೊಂದು ನೆಪವೂ ಇತ್ತು. ಅಕ್ಟೋಬರ್ 2ಕ್ಕೆ ಬಂದ 'ಕಾಂತಾರ: ಚಾಪ್ಟರ್ 1' ನೋಡಿ ಬಂದವರೆಲ್ಲ ಕಾಡು, ನೆಲ, ದೈವ ಅಂತ ಮಾತಾಡುತ್ತಿದ್ದರು. ಅದೇ ಸಮಯಕ್ಕೆ ಪತ್ರಿಕೆಗಳಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ, ಜನರ ವಿರೋಧ, ಸಿಂಗಳೀಕ ಅಂತ ಸುದ್ದಿ. ಸಿನಿಮಾದ ಕಾಡು ಮತ್ತು ಸುದ್ದಿಯ ಕಾಡು ಎರಡೂ ತಲೆಯಲ್ಲಿ ಒಟ್ಟೊಟ್ಟಿಗೆ ಓಡುತ್ತಿದ್ದವು.

ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಬೆಳಗ್ಗೆ ಸಾಗರಕ್ಕೆ ಬಿಡುತ್ತದೆ. ಸ್ಟೇಷನ್ ಬೋರ್ಡಿನಲ್ಲಿ 'ಸಾಗರ ಜಂಬಗಾರು' ಅಂತ ಇದೆ. ನಿದ್ದೆಗಣ್ಣಲ್ಲಿ ಬೇರೆ ಯಾವುದೋ ಊರು ಅಂದುಕೊಂಡು ಕೂತೇ ಇದ್ದರೆ ತಾಳಗುಪ್ಪದಲ್ಲಿ ಹಳಿಯೇ ಮುಗಿಯುತ್ತದೆ. ಸಾಗರದಲ್ಲಿ ಇಳಿದು, ತಿಂಡಿ ತಿಂದು, ಆವಿನಹಳ್ಳಿ ದಾಟಿದರೆ ಹೊಳೆಬಾಗಿಲು. ಎಂಥಾ ಹೆಸರು ನೋಡಿ! ಹೊಳೆಗೆ ಬಾಗಿಲು. ಆದರೆ ಅರವತ್ತು ವರ್ಷ ಆ ಬಾಗಿಲು ಬೆಳಗ್ಗೆ ತೆಗೆದು ಸಂಜೆ ಮುಚ್ಚುತ್ತಿತ್ತು.

ಇಲ್ಲಿಂದ ಆಚೆ ದಡಕ್ಕೆ ಹೋಗಲು ಇದ್ದದ್ದು ಲಾಂಚ್ ಮಾತ್ರ. ಸಿಗಂದೂರು ಚೌಡೇಶ್ವರಿಗೆ ಹೋಗಿ ಬಂದವರಿಗೆಲ್ಲ ನೆನಪಿರುತ್ತದೆ: ಚಪ್ಪಟೆ ಕಬ್ಬಿಣದ ಹಾಸಿನ ಮೇಲೆ ಕಾರು, ಜೀಪು, ಬೈಕು, ಕೆಲವೊಮ್ಮೆ ಇಡೀ ಬಸ್ಸು, ಅದರ ಸಂದಿಯಲ್ಲಿ ಜನ, ಹೂವಿನ ಬುಟ್ಟಿ, ಕೋಳಿ, ಅಕ್ಕಿಮೂಟೆ. ಪ್ರವಾಸಿಗರಿಗೆ ಅದು ಮಜಾ. ಇಪ್ಪತ್ತು ನಿಮಿಷ ಗಾಳಿ ತಿಂದು ಫೋಟೊ ತೆಗೆದುಕೊಂಡು ಇಳಿಯುತ್ತಿದ್ದೆವು. ಆಚೆ ದಡದ ತುಮರಿ, ಕಳಸವಳ್ಳಿ, ಬ್ಯಾಕೋಡಿನ ಜನರಿಗೆ ಅದೇ ಕಾಲೇಜು ಬಸ್ಸು, ಅದೇ ಆಂಬುಲೆನ್ಸು, ಅದೇ ಸಂತೆಗಾಡಿ. ಕೊನೇ ಲಾಂಚ್ ಹೋಯಿತೆಂದರೆ ಮುಗೀತು. ಆಮೇಲೆ ಹೊಟ್ಟೆನೋವು ಬಂದರೂ, ಹೆರಿಗೆನೋವು ಬಂದರೂ ಹಿನ್ನೀರನ್ನು ಸುತ್ತಿಕೊಂಡು ಕಾಡುದಾರಿಯಲ್ಲೇ ಹೋಗಬೇಕು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ಕಷ್ಟ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್. ಖರ್ಚು 470 ಕೋಟಿ ರೂಪಾಯಿಯ ಆಸುಪಾಸು. ಮಧ್ಯದ ಆಳದ ಭಾಗದಲ್ಲಿ ಎತ್ತರದ ಗೋಪುರಗಳಿಂದ ಓರೆಯಾಗಿ ಎಳೆದ ಕೇಬಲ್‌ಗಳು ರಸ್ತೆಯನ್ನು ಹಿಡಿದುಕೊಂಡಿವೆ. ಸುಮ್ಮನೆ ಅಂದಕ್ಕೆ ಹಾಗೆ ಮಾಡಿದ್ದಲ್ಲ. ಆಳದ ನೀರಿನಲ್ಲಿ ಹತ್ತಿರ ಹತ್ತಿರ ಕಂಬ ನಿಲ್ಲಿಸುವುದು ಕಷ್ಟ. ಕೇಬಲ್‌ನಿಂದ ತೂಗಿಸಿದರೆ ಕಂಬಗಳ ನಡುವೆ ಅಂತರ ಹೆಚ್ಚು ಬಿಡಬಹುದು.

ನಾನು ಹೋದಾಗ ಮಳೆ ಮುಗಿದ ಹೊಸತು. ಹಿನ್ನೀರು ದಡದ ಮರಗಳ ಬುಡದವರೆಗೂ ತುಂಬಿ ನಿಂತಿತ್ತು. ಸೇತುವೆಯ ಮೇಲೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರ ಸಾಲು. ಹಿಂದಿನಿಂದ ಖಾಸಗಿ ಬಸ್ಸಿನವನ ಹಾರ್ನ್. ನಡೆದುಕೊಂಡು ದಾಟಿದೆ. ಅರ್ಧ ಗಂಟೆ ಹಿಡಿಯಿತು. ನಡುವೆ ನಿಂತು ನೋಡಿದರೆ ಎಲ್ಲ ಕಡೆ ನೀರು, ನೀರಿನ ನಡುವೆ ಹಸಿರು ಗುಡ್ಡಗಳ ತಲೆ. ಚೆಂದ ಅಂದರೆ ಚೆಂದ. ಆದರೆ ಆ ಗುಡ್ಡಗಳು ದ್ವೀಪಗಳಾಗಿ ಹುಟ್ಟಿದವಲ್ಲ. ಅವುಗಳ ಬುಡದಲ್ಲಿ ಗದ್ದೆ, ತೋಟ, ಮನೆ, ದೇವಸ್ಥಾನ ಇದ್ದವು. ನೀರು ಬಂದು ಸುಮಾರು 300 ಚದರ ಕಿಲೋಮೀಟರ್ ಮುಳುಗಿಸಿತು; ಎತ್ತರದ್ದು ಮಾತ್ರ ಮೇಲುಳಿದು ನಮಗೆ 'ವ್ಯೂ ಪಾಯಿಂಟ್' ಆಯಿತು.

ತುಮರಿಯಲ್ಲಿ ಚಹಾ ಕುಡಿಯಲು ಕೂತಾಗ ಎಪ್ಪತ್ತು ದಾಟಿದ ಯಜಮಾನರೊಬ್ಬರು ಸಿಕ್ಕರು. ಪಂಚೆ, ಹೆಗಲಿಗೊಂದು ಟವೆಲ್, ಬಾಯಲ್ಲಿ ಎಲೆಯಡಿಕೆ. ಸೇತುವೆ ಬಂದು ಖುಷಿಯಾ ಅಜ್ಜಾ ಅಂತ ಕೇಳಿದೆ.

"ಖುಷಿ ಆಗ್ದೆ ಮತ್ತೆಂತ ಮಾರಾಯ್ರಾ! ಮೊಮ್ಮಗ ರಾತ್ರಿ ಒಂಬತ್ತಕ್ಕೆ ಸಾಗರದಿಂದ ಬೈಕಲ್ಲಿ ಮನೆಗೆ ಬರ್ತಾನೆ. ನಮ್ಮ ಕಾಲದಲ್ಲಿ ಒಂಬತ್ತು ಗಂಟೆಗೆ ಆಚೆ ದಡ ಅಂದ್ರೆ ಅಮೆರಿಕಾ ಇದ್ದಂಗೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು. ನೀರು ಬಂದಾಗ ಅವರಿಗೆ ಹತ್ತೋ ಹನ್ನೊಂದೋ ವರ್ಷ. ಮೊದಲು ದನಗಳನ್ನು ಹೊಡೆದುಕೊಂಡು ಹೋದರಂತೆ. ಆಮೇಲೆ ಮನೆಯ ಹಂಚು, ಪಕಾಸಿ, ಬಾಗಿಲು ಬಿಚ್ಚಿ ಗಾಡಿಗೆ ಹಾಕಿದರಂತೆ. ಅಡಿಕೆ ಮರಗಳನ್ನು ಮಾತ್ರ ಏನೂ ಮಾಡಲಿಕ್ಕೆ ಆಗಲಿಲ್ಲ. ಫಸಲಿಗೆ ಬಂದಿದ್ದ ತೋಟ. ಅವರ ಅಪ್ಪ ಎರಡು ಮಳೆಗಾಲ ದಡಕ್ಕೆ ಹೋಗಿ, ನೀರಿನ ಮೇಲೆ ಎಷ್ಟು ಮರದ ತಲೆ ಇನ್ನೂ ಕಾಣುತ್ತಿದೆ ಅಂತ ಎಣಿಸಿ ಬರುತ್ತಿದ್ದರಂತೆ.

"ಈಗ ಇರೋ ಜಾಗಕ್ಕೆ ಪಟ್ಟಾ ಆಗಿದ್ಯಾ?" ಅಂದೆ.

"ಅದೊಂದು ಕೇಳಬೇಡಿ" ಅಂದವರು ಎದ್ದು ಹೋಗಿ ಎಲೆಯಡಿಕೆ ಉಗುಳಿ ಬಂದರು.

ಅವರೊಬ್ಬರ ಕಥೆ ಅಲ್ಲ ಅದು. ಶರಾವತಿ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಸುದ್ದಿ ಶಿವಮೊಗ್ಗದ ಪತ್ರಿಕೆಗಳಲ್ಲಿ ಪ್ರತಿ ಚುನಾವಣೆಗೂ ಬರುತ್ತದೆ. ಆಗ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ, ಬಹಳಷ್ಟು ಮಂದಿಗೆ ಕಾಡಿನ ಜಾಗ ತೋರಿಸಿ ಇಲ್ಲಿರಿ ಅಂದರು. ಜನ ಕಾಡು ಕಡಿದು ಗದ್ದೆ ಮಾಡಿದರು, ಮನೆ ಕಟ್ಟಿದರು. ದಾಖಲೆಯಲ್ಲಿ ಅದು ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡಬೇಕಾದರೆ ಕೇಂದ್ರದ ಒಪ್ಪಿಗೆಯೇ ಬೇಕು. ಕಡತ ಬೆಂಗಳೂರು, ದೆಹಲಿ, ಕೋರ್ಟು ಅಂತ ಸುತ್ತುತ್ತಲೇ ಇದೆ. ಅಜ್ಜನ ಊರನ್ನು ನೀರು ತಗೊಂಡಿತು. ಮೊಮ್ಮಗನ ಊರು ನಕಾಶೆಯಲ್ಲಿ ಕಾಡು.

ಇಲ್ಲಿ ಕೂತಾಗಲೇ ನನಗೆ 'ದ್ವೀಪ' ನೆನಪಾಗಿದ್ದು. ಗಿರೀಶ ಕಾಸರವಳ್ಳಿ ಅವರ 2002ರ ಸಿನಿಮಾ. ಕಥೆ ನಾ. ಡಿಸೋಜ ಅವರದು. ಅವರು ಸಾಗರದವರು, ಶರಾವತಿ ಯೋಜನೆಯ ಕೆಲಸದಲ್ಲೇ ಇದ್ದು ಮುಳುಗಡೆಯನ್ನು ಕಣ್ಣಾರೆ ಕಂಡವರು. 2025ರ ಜನವರಿಯಲ್ಲಿ ತೀರಿಕೊಂಡರು. ಸೇತುವೆ ಆಗಿದ್ದನ್ನು ನೋಡಲು ಆರು ತಿಂಗಳು ಕಡಿಮೆ ಬಿತ್ತು. ಸಿನಿಮಾವನ್ನು ನಿರ್ಮಿಸಿದ್ದು, ಅದರಲ್ಲಿ ನಾಗಿಯಾಗಿ ನಟಿಸಿದ್ದು ಸೌಂದರ್ಯ. ಅದಕ್ಕೆ ಸ್ವರ್ಣಕಮಲ ಬಂತು; ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ.

ಅದರ ಕಥೆ ಸಣ್ಣದು. ಅಣೆಕಟ್ಟು ಬರುತ್ತೆ, ಊರವರೆಲ್ಲ ಪರಿಹಾರ ತಗೊಂಡು ಹೋಗ್ತಾರೆ, ಗುಡ್ಡದ ದೇವರ ಪೂಜೆ ಮಾಡುವ ಗಣಪ, ಹೆಂಡತಿ ನಾಗಿ, ಅಪ್ಪ ದುಗ್ಗಜ್ಜ ಮಾತ್ರ ಉಳೀತಾರೆ. ಈ ಊರಲ್ಲಿ ಗಣಪ ಅಂದರೆ ಒಂದು ಗೌರವ ಇದೆ. ಬೇರೆ ಊರಿಗೆ ಹೋದರೆ ಅವನು ಬರೀ ಕೂಲಿ. ಆ ಗೌರವಕ್ಕೆ ಪರಿಹಾರದ ಪಟ್ಟಿಯಲ್ಲಿ ಕಾಲಂ ಇಲ್ಲ. ಕೊನೆಗೆ ಮಳೆಗಾಲದ ರಾತ್ರಿಗಳಲ್ಲಿ ಮನೆ ಉಳಿಸಲು ಪಟ್ಟ ಪಾಡೆಲ್ಲ ನಾಗಿಯದು. ಗಣಪ ಉಳಿದದ್ದರ ಶ್ರೇಯಸ್ಸನ್ನು ದೇವರಿಗೆ ಕೊಡ್ತಾನೆ. ಆ ಜಾಗದಲ್ಲಿ ಸೌಂದರ್ಯ ಅವರ ಮುಖ ನೋಡಬೇಕು. ಸಂಭಾಷಣೆಯೇ ಬೇಕಿಲ್ಲ.

'ಕಾಂತಾರ' ಕಟ್ಟಿದ್ದು ಬೇರೆ ಬಗೆಯಲ್ಲಿ. ಈ ಸಲದ ಸಿನಿಮಾ ದೊಡ್ಡ ಪರದೆಗೇ ಮಾಡಿದ್ದು. ಕದಂಬರ ಕಾಲ, ಯುದ್ಧ, ರಾಜರು, ಕಾಡಿನ ಒಳಗಿನ ದೈವ. ಥಿಯೇಟರಿನಲ್ಲಿ ನಾನೂ ಸೀಟಿನ ತುದಿಗೆ ಬಂದಿದ್ದೆ, ಸುಳ್ಳು ಹೇಳಲ್ಲ. ಆದರೆ ಮನೆಗೆ ಬಂದ ಮೇಲೆ ತಲೆಯಲ್ಲಿ ಉಳಿದದ್ದು 2022ರ ಮೊದಲ 'ಕಾಂತಾರ'ದ ಒಂದು ಸಾಮಾನ್ಯ ಜಗಳ: ಅರಣ್ಯಾಧಿಕಾರಿ ಮುರಳಿ ಮೀಸಲು ಅರಣ್ಯದ ಗಡಿ ಗುರುತು ಮಾಡಿಸುತ್ತಾನೆ, ಊರವರು ಇದು ನಮ್ಮದು ಅಂತಾರೆ. ಅಲ್ಲಿ ಕೊನೆಗೆ ಅಧಿಕಾರಿ ಮತ್ತು ಊರವರು ಒಂದೇ ಕಡೆ ನಿಲ್ಲುತ್ತಾರೆ. ದೈವ ಎಲ್ಲರ ಕೈ ಹಿಡಿದು ಒಟ್ಟು ಮಾಡುತ್ತದೆ. ಸಿನಿಮಾಕ್ಕೆ ಅಂಥದ್ದೊಂದು ಕೊನೆ ಬೇಕು, ಸರಿ. ತುಮರಿಯಲ್ಲಿ ಚಹಾ ಆರುತ್ತಾ ಕೂತಾಗ ಅನ್ನಿಸಿದ್ದು ಇಷ್ಟು: ಈ ಕಣಿವೆಯ ಜನ ಎರಡೂ ಸಿನಿಮಾಗಳೊಳಗೆ ಇದ್ದಾರೆ. ಮೊದಲು 'ದ್ವೀಪ', ಆಮೇಲೆ 'ಕಾಂತಾರ', ಮಧ್ಯೆ ಇಂಟರ್‌ವಲ್ಲೇ ಇಲ್ಲ.

ಸಿಗಂದೂರಿನಲ್ಲಿ ದೇವಿಗೆ ಕೈಮುಗಿದು ಪ್ರಸಾದ ಉಂಡು ಹೊರಬಂದೆ. ಸೇತುವೆಯಾದ ಮೇಲೆ ಜನ ಜಾಸ್ತಿ ಅಂತ ಅಂಗಡಿಯವರು ಹೇಳಿದರು. ಜೊತೆಗೇ ಒಂದು ದೂರು: "ಮೊದ್ಲು ಲಾಂಚ್ ಕಾಯ್ತಾ ಕೂತವ್ರು ಏನಾದ್ರೂ ತಗೋತಿದ್ರು. ಈಗ ಬಂದ್ರು, ಹೋದ್ರು." ಲಾಂಚಿನ ದಡದಲ್ಲಿ ಕಳ್ಳೆಮಿಠಾಯಿ, ಸೌತೆಕಾಯಿ, ಮಂಡಕ್ಕಿ ಮಾರುತ್ತಿದ್ದವರ ಸುದ್ದಿಯನ್ನು ಯಾವ ಉದ್ಘಾಟನಾ ಭಾಷಣದಲ್ಲೂ ಕೇಳಿರಲಿಲ್ಲ. ಆದರೂ ಈ ಒಂದು ಕಾರಣಕ್ಕೆ ಲಾಂಚೇ ಚೆನ್ನಾಗಿತ್ತು ಅಂತ ನಿಟ್ಟುಸಿರು ಬಿಡುವ ಪ್ರವಾಸಿಗರ ಪೋಸ್ಟುಗಳನ್ನು ನಾನು ಒಪ್ಪಲ್ಲ. ರಾತ್ರಿ ಹಾವು ಕಚ್ಚಿದ ಮಗುವನ್ನು ಎತ್ತಿಕೊಂಡು ದಡದಲ್ಲಿ ನಿಂತವರಿಗೆ ಬೇಕಾದದ್ದು ಸೇತುವೆ. ನಮಗೆ ಬೇಕಾದ ಗಾಳಿ ಬೇರೆಲ್ಲಾದರೂ ಸಿಗುತ್ತದೆ.

ಮಾರನೇ ದಿನ ಜೋಗ. ನಮ್ಮ ತಲೆಮಾರಿಗೆ ಜೋಗ ಅಂದರೆ 2006ರ 'ಮುಂಗಾರು ಮಳೆ'. ಗಣೇಶ್ ಮತ್ತು ಪೂಜಾ ಗಾಂಧಿ ಜಲಪಾತದ ನೆತ್ತಿಯ ಬಂಡೆಗಳ ಮೇಲೆ ಕುಣಿದದ್ದು, ಕ್ಯಾಮೆರಾ ಮೇಲಿನಿಂದ ಸುತ್ತಿದ್ದು. ಆ ಹಾಡಿನ ಮೊದಲು ನಾವೆಲ್ಲ ಜೋಗವನ್ನು ಎದುರಿನಿಂದ, ಕೆಳಗೆ ನಿಂತು ಕತ್ತೆತ್ತಿ ನೋಡಿದವರೇ. ನೆತ್ತಿಯಿಂದ ನೋಡಿದ್ದು ಅದೇ ಮೊದಲು. ಆಮೇಲೆ ಎಷ್ಟು ಹುಡುಗರು ಆ ಬಂಡೆಗೆ ಹೋಗಲು ಹಟ ಹಿಡಿದರೋ. ಒಂದು ಹಾಡು ಒಂದು ಜಾಗವನ್ನು ನೋಡುವ ಕೋನವನ್ನೇ ಬದಲಿಸಿತು, ಅಷ್ಟರ ಮಟ್ಟಿಗೆ ಅದು ದೊಡ್ಡ ಸಿನಿಮಾ. ಆದರೆ ಆ ಚೌಕಟ್ಟಿನೊಳಗೆ ಒಂದು ವಿದ್ಯುತ್ ಕಂಬವೂ ಇಲ್ಲ, ಕೊಳವೆಯೂ ಇಲ್ಲ. ಮಳೆ ಮತ್ತು ಪ್ರೀತಿ ಮಾತ್ರ.

ಇಲ್ಲಿನ ಮೊದಲ ವಿದ್ಯುದಾಗಾರ ಶುರುವಾಗಿದ್ದು 1948ರಲ್ಲಿ, 120 ಮೆಗಾವ್ಯಾಟ್‌ನದ್ದು. ಈಗ ಅದಕ್ಕೆ ಮಹಾತ್ಮ ಗಾಂಧಿ ಹೆಸರು. ಅದಕ್ಕಾಗಿ ಕಟ್ಟಿದ ಮಡೆನೂರಿನ ಅಣೆಕಟ್ಟು ಆಮೇಲೆ ಬಂದ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ತಾನೇ ಮುಳುಗಿತು! ಅಣೆಕಟ್ಟನ್ನೇ ಮುಳುಗಿಸಿದ ಅಣೆಕಟ್ಟು. ಲಿಂಗನಮಕ್ಕಿ ಆದ ಮೇಲೆ ಶರಾವತಿ ವಿದ್ಯುದಾಗಾರ ಬಂತು, ಹತ್ತು ಘಟಕ, 1035 ಮೆಗಾವ್ಯಾಟ್. ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು, 240 ಮೆಗಾವ್ಯಾಟ್. ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಹೊಳೆಯ ಉದ್ದವೇ 128 ಕಿಲೋಮೀಟರ್. ಅಷ್ಟರೊಳಗೆ ಅವಳಿಂದ ಇಷ್ಟು ಕೆಲಸ ಮಾಡಿಸಿದ್ದೇವೆ.

ಈಗಿನ ಸುದ್ದಿ ಇದರ ಮುಂದಿನದ್ದು. ಪಂಪ್ಡ್ ಸ್ಟೋರೇಜ್ ಅಂದರೆ ಏನು ಅಂತ ಬಹಳ ಜನ ಕೇಳುತ್ತಾರೆ. ನಿಮ್ಮ ಬ್ಯಾಗಿನಲ್ಲಿರುವ ಪವರ್ ಬ್ಯಾಂಕ್ ನೆನಪಿಸಿಕೊಳ್ಳಿ. ಅದು ಕರೆಂಟ್ ಹುಟ್ಟಿಸಲ್ಲ, ಇಟ್ಟುಕೊಳ್ಳುತ್ತದೆ ಅಷ್ಟೇ. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪೆ, ಎರಡು ಜಲಾಶಯ ಈಗಾಗಲೇ ಇವೆ. ಗ್ರಿಡ್‌ನಲ್ಲಿ ವಿದ್ಯುತ್ ಹೆಚ್ಚಿರುವಾಗ, ಮುಖ್ಯವಾಗಿ ಹಗಲಲ್ಲಿ ಸೋಲಾರ್ ಜಾಸ್ತಿ ಬರುವಾಗ, ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡುವುದು. ಸಂಜೆ ನಾವೆಲ್ಲ ಮನೆಗೆ ಬಂದು ಲೈಟು, ಗೀಸರು, ಇಂಡಕ್ಷನ್ ಒಲೆ ಹಾಕಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಸಾಮರ್ಥ್ಯ 2000 ಮೆಗಾವ್ಯಾಟ್. ಪವರ್ ಬ್ಯಾಂಕಿನ ಹಾಗೆಯೇ ಇಲ್ಲೂ ಒಳಗೆ ಹಾಕಿದ್ದೆಲ್ಲ ಹೊರಗೆ ಬರಲ್ಲ. ಸಾಮಾನ್ಯವಾಗಿ ಇಂಥ ಘಟಕಗಳಲ್ಲಿ ಐದನೇ ಒಂದು ಭಾಗದಷ್ಟು ದಾರಿಯಲ್ಲೇ ಸೋರಿಹೋಗುತ್ತದೆ.

ಕಾಗದದ ಮೇಲೆ ನೋಡಿದರೆ ಜಾಣತನದ್ದೇ. ಹೊಸ ಅಣೆಕಟ್ಟು ಬೇಡ, ಹೊಸ ಮುಳುಗಡೆ ದೊಡ್ಡದಿಲ್ಲ. ಸೋಲಾರ್ ಹೆಚ್ಚಾದಂತೆ ಎಲ್ಲೋ ಒಂದು ಕಡೆ ಕೂಡಿಡಲೇಬೇಕು, ಇಲ್ಲದಿದ್ದರೆ ಸಂಜೆಗೆ ಕಲ್ಲಿದ್ದಲೇ ಗತಿ. ಯೋಜನೆ ಬೇಕು ಅನ್ನುವವರ ಈ ಮಾತನ್ನು ತಳ್ಳಿಹಾಕುವಂತಿಲ್ಲ. ತೊಡಕಿರುವುದು ಆ ಎರಡು ಜಲಾಶಯಗಳ ನಡುವೆ ಏನಿದೆ ಅನ್ನುವುದರಲ್ಲಿ. ನಡುವೆ ಇರುವುದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. ನೆಲದೊಳಗೆ ವಿದ್ಯುದಾಗಾರ, ಸುರಂಗ ಅಂದರೂ ಅಲ್ಲಿಗೆ ಯಂತ್ರ ಹೋಗಲು ರಸ್ತೆ ಬೇಕು, ಅಗೆದ ಮಣ್ಣುಕಲ್ಲು ಸುರಿಯಲು ಜಾಗ ಬೇಕು, ಸಾವಿರಾರು ಮರ ಕಡಿಯಬೇಕು. 2025ರ ಸೆಪ್ಟೆಂಬರಿನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಘಟ್ಟದ ಮೇಲಿನವರೂ ಕೆಳಗಿನವರೂ ಒಟ್ಟಿಗೆ ಬೇಡ ಅಂದರು. ಸಾಗರದ ಅಡಿಕೆ ಬೆಳೆಗಾರರಿಗೂ ಹೊನ್ನಾವರದ ಮೀನುಗಾರರಿಗೂ ಒಂದೇ ಅರ್ಜಿ ಇರುವ ಸಂದರ್ಭ ದಿನಾ ಬರುವುದಿಲ್ಲ.

ಜೋಗದಿಂದ ಹೊನ್ನಾವರದ ಕಡೆ ಬಸ್ಸು ಹತ್ತಿದರೆ ಮಾವಿನಗುಂಡಿ ದಾಟಿದ ಮೇಲೆ ಬೆಳಕೇ ಬದಲಾಗುತ್ತದೆ. ಇಲ್ಲೊಂದು ಕಡೆ ಕತ್ತಲೆಕಾನು ಅಂತಲೇ ಹೆಸರು. ಹೆಸರಿಟ್ಟವರು ಕವಿಗಳಾಗಿರಲಿಕ್ಕಿಲ್ಲ, ಕಂಡದ್ದನ್ನು ಹೇಳಿದ್ದಾರೆ. ಮಧ್ಯಾಹ್ನ ಎರಡು ಗಂಟೆಗೂ ಒಳಗೆ ಸಂಜೆ. ಇದರೊಳಗೆ ರಾಮಪತ್ರೆ ಜಡ್ಡಿಗಳಿವೆ. ಜಡ್ಡಿ ಅಂದರೆ ವರ್ಷವಿಡೀ ನೀರು ಜಿನುಗುವ ಜವುಗು ಜಾಗ. ಅಲ್ಲಿ ಬೆಳೆಯುವ ಮರಗಳು ನಾವು ಬಿರಿಯಾನಿಗೆ ಹಾಕುವ ಜಾಯಿಕಾಯಿ–ಜಾಪತ್ರೆಯ ನೆಂಟರು. ಕೆಸರಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗಲ್ಲ, ಹಾಗಾಗಿ ಬೇರು ನೆಲದಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗೆ ಇಳಿಯುತ್ತದೆ. ಕತ್ತಲೆಕಾನಿನ ಹೆಸರನ್ನೇ ಹೊತ್ತ ಒಂದು ಮರದ ಜಾತಿಯನ್ನು ವಿಜ್ಞಾನ ಗುರುತಿಸಿದ್ದು 2000ದಲ್ಲಿ. ಅಂದರೆ ನಮ್ಮಲ್ಲಿ ಮೊಬೈಲ್ ಬಂದ ಮೇಲೆ!

ಸಿಂಗಳೀಕ ಇಂಥ ಕಾಡಿನ ಪ್ರಾಣಿ. ಕಪ್ಪು ಮೈ, ಮುಖದ ಸುತ್ತ ಬೂದುಬಿಳಿ ಕೇಸರ, ಬಾಲದ ತುದಿಯಲ್ಲಿ ಸಿಂಹದಂತೆ ಕುಚ್ಚು. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಒಟ್ಟು ನಾಲ್ಕು ಸಾವಿರಕ್ಕಿಂತ ಕಡಿಮೆ ಎಂಬ ಅಂದಾಜು. ಅವುಗಳಲ್ಲಿ ಸುಮಾರು ಏಳುನೂರು ಈ ಶರಾವತಿ ಕಣಿವೆಯಲ್ಲಿವೆ. ಹೊಟೇಲಿನ ಮುಂದೆ ಬಾಳೆಹಣ್ಣು ಕಸಿಯುವ ಮಂಗನಂತಲ್ಲ ಇದು. ನೆಲಕ್ಕಿಳಿಯುವುದೇ ಅಪರೂಪ. ಮರದಿಂದ ಮರಕ್ಕೆ, ಕೊಂಬೆಯಿಂದ ಕೊಂಬೆಗೆ ಅದರ ದಾರಿ. ಹಾಗಾಗಿ ಎಷ್ಟು ಮರ ಕಡಿಯುತ್ತೀರಿ ಅನ್ನುವುದಕ್ಕಿಂತ ಎಲ್ಲಿ ಕಡಿಯುತ್ತೀರಿ ಅನ್ನುವುದು ಅದಕ್ಕೆ ಮುಖ್ಯ. ಅಗಲವಾದ ಒಂದು ರಸ್ತೆ ಬಂದು ಮೇಲಿನ ಹಸಿರು ಚಪ್ಪರ ಹರಿದರೆ ಗುಂಪು ಈಚೆಯೇ ಉಳಿಯುತ್ತದೆ, ಹಣ್ಣು ಆಚೆ ಉಳಿಯುತ್ತದೆ. ನಕಾಶೆಯಲ್ಲಿ ಕಳೆದದ್ದು ಕೆಲವೇ ಎಕರೆ. ಬೇರೆ ಕಡೆ ಹತ್ತು ಪಟ್ಟು ಸಸಿ ನೆಡುತ್ತೇವೆ ಅನ್ನುವ ಲೆಕ್ಕ ಈ ಪ್ರಾಣಿಗೆ ಪ್ರಯೋಜನವಿಲ್ಲ. ಸೇತುವೆ ಇಲ್ಲದ ಊರು ಅಂದರೆ ಏನು ಅಂತ ತುಮರಿಯವರನ್ನು ಕೇಳಿದರೆ ಸಾಕು, ಇದು ಅರ್ಥವಾಗುತ್ತದೆ.

ನನಗೆ ಸಿಂಗಳೀಕ ಕಾಣಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಹೆಂಗಸು, ಸಿದ್ದಾಪುರದಿಂದ ಮಗಳ ಮನೆಗೆ ಹೊರಟವರು, ಕಿಟಕಿಯಾಚೆ ಇಣುಕುತ್ತಿದ್ದ ನನ್ನನ್ನು ನೋಡಿ ನಕ್ಕು, "ತಂಗೀ, ಅದು ನಿಮ್ಮ ಬಸ್ಸಿನ ಟೈಮಿಗೆ ಬರ್ತಿಲ್ಲೆ" ಅಂದರು. ಆಮೇಲೆ ಅವರೇ ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟರು.

ಘಟ್ಟ ಇಳಿದರೆ ಗೇರುಸೊಪ್ಪೆ. ಐನೂರು ವರ್ಷದ ಹಿಂದೆ ಇದು ಜಗತ್ತಿಗೆ ಗೊತ್ತಿದ್ದ ಊರು. ಚೆನ್ನಭೈರಾದೇವಿ ಇಲ್ಲಿಂದ ಅರ್ಧ ಶತಮಾನ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂದರು. ಘಟ್ಟದ ಕಾಳುಮೆಣಸು ಈ ಹೊಳೆಯಲ್ಲೇ ಇಳಿದು ಹಡಗು ಹತ್ತುತ್ತಿತ್ತು. ಈಗ ಉಳಿದಿರುವುದರಲ್ಲಿ ನೋಡಲೇಬೇಕಾದದ್ದು ಚತುರ್ಮುಖ ಬಸದಿ: ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ನಾಲ್ಕೂ ಕಡೆಗೆ ಮುಖ ಮಾಡಿ ಕೂತ ತೀರ್ಥಂಕರರು, ಸುತ್ತ ಕಾಡು. ಗದ್ದಲವಿಲ್ಲ. ಒಂದು ಕಾಲದ ರಾಜಧಾನಿಯನ್ನು ಕಾಡು ಹೀಗೆ ಸದ್ದಿಲ್ಲದೆ ವಾಪಸು ತಗೊಂಡಿದೆ. ಈ ರಾಣಿಯ ಮೇಲೆ ದೊಡ್ಡ ಪರದೆಯ ಸಿನಿಮಾವೊಂದು ಯಾಕೆ ಇನ್ನೂ ಬಂದಿಲ್ಲವೋ. ಬಂದರೆ ಬಸದಿಯ ಮುಂದೆಯೂ ಸೆಲ್ಫಿ ಸಾಲು ಶುರುವಾಗುತ್ತೆ ಅನ್ನುವ ಭಯವೂ ಇದೆ.

ಯೋಜನೆ ಬೇಕೋ ಬೇಡವೋ ಅಂತ ಕೇಳಿದರೆ ನಾನು ಬೇಡ ಅನ್ನುವವರ ಕಡೆ. ಸೋಲಾರ್ ವಿದ್ಯುತ್ತನ್ನು ಕೂಡಿಡಲು ದೊಡ್ಡ ಬ್ಯಾಟರಿಗಳನ್ನು ಸೋಲಾರ್ ಪಾರ್ಕುಗಳ ಪಕ್ಕದ ಬಯಲಲ್ಲೇ ಕೂರಿಸಬಹುದು; ಪಂಪ್ಡ್ ಸ್ಟೋರೇಜನ್ನೂ ಕಾಡಿಲ್ಲದ ಗುಡ್ಡಗಳಲ್ಲಿ ಮಾಡಬಹುದು. ರಾಮಪತ್ರೆ ಜಡ್ಡಿಯನ್ನು ಇನ್ನೊಂದು ಕಡೆ ಕೂರಿಸಲು ಬರಲ್ಲ. ಬೆಂಗಳೂರಿನ ನನ್ನ ಬಾಡಿಗೆ ಮನೆಯ ಗೀಸರಿಗೆ ಈ ಕಣಿವೆ ಒಂದು ಸಲ ಊರು ಕೊಟ್ಟಿದೆ. ಆ ಊರಿನವರ ಪಟ್ಟಾ ಕಡತ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿರುವಾಗ ಹೊಸ ಕಡತಕ್ಕೆ ಅಷ್ಟು ಅವಸರ ಯಾಕೆ ಅಂತ ಅರ್ಥವಾಗಲ್ಲ.

ಹೋಗುವವರಿಗೆ ಒಂದೆರಡು ಮಾತು. ನವೆಂಬರ್ ಒಳಗೆ ಹೋದರೆ ಹಿನ್ನೀರು ತುಂಬಿರುತ್ತದೆ, ಬಿಸಿಲೂ ಹದ. ಸೇತುವೆಯ ಮೇಲೆ ಗಾಡಿ ನಿಲ್ಲಿಸಬೇಡಿ. ಈಚೆ ದಡದಲ್ಲೇ ನಿಲ್ಲಿಸಿ ನಡೆದು ಹೋಗಿ. ಕತ್ತಲೆಕಾನಿನಲ್ಲಿ ರಸ್ತೆ ಬಿಟ್ಟು ಒಳಗೆ ನುಗ್ಗಬೇಡಿ, ಆ ಮೊಣಕಾಲು ಬೇರುಗಳ ಮೇಲೆ ಬೂಟುಗಾಲು ಇಡುವುದು ಬೇಡ, ಮಂಗಗಳಿಗೆ ಚಿಪ್ಸ್ ಹಾಕುವುದಂತೂ ಬೇಡವೇ ಬೇಡ. ಹಿನ್ನೀರಿನ ಆಚೆ ಕೆಲವು ಕಡೆ ನೆಟ್‌ವರ್ಕ್ ಸಿಗಲ್ಲ, ಹಾಗಾಗಿ 'ದ್ವೀಪ' ನೋಡುವುದಿದ್ದರೆ ಹೊರಡುವ ಮೊದಲೇ ಎಲ್ಲಾದರೂ ಹುಡುಕಿ ನೋಡಿಕೊಂಡು ಹೋಗಿ.

ನನಗಂತೂ ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗುವುದಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರಿನ ಮುಳುಗಿದ ಅಣೆಕಟ್ಟು ಮೇಲೆ ಬಂದು ಕಾಣುತ್ತದೆ. ತುಮರಿಯ ಆ ಯಜಮಾನರು ಚಹಾದ ದುಡ್ಡು ಕೊಡಲು ನನ್ನನ್ನು ಬಿಡದೆ, ಹೊರಡುವಾಗ ಹೇಳಿದ್ದರು: "ನೀರು ಇಳಿದಾಗ ಬನ್ನಿ. ನಮ್ಮ ಮನೆ ಪಾವಟಿಗೆ ತೋರಿಸ್ತೆ. ಮೂರು ಮೆಟ್ಲು ಇನ್ನೂ ಇದಾವೆ."